ಅಕ್ಷತೆ ಹಾಕುವವರ ಲೆಕ್ಕ

ಮತದಾನ ಮುಗಿದ ಸಂಜೆ ನಮ್ಮಲ್ಲಿ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: ಶೇಕಡಾ ಎಷ್ಟಾಯಿತು? ಎಂಬತ್ತು ದಾಟಿದರೆ ಪ್ರಜಾಪ್ರಭುತ್ವದ ಹಬ್ಬ, ಐವತ್ತಕ್ಕೆ ಇಳಿದರೆ ಮತದಾರ ಸೋಮಾರಿ. ಮರುದಿನದ ಪತ್ರಿಕೆ ಓದಿದವರೆಲ್ಲ ಜನಕ್ಕೆ ಬುದ್ಧಿ ಹೇಳುವವರೇ. ಈ ಬುದ್ಧಿ ಹೇಳುವ ಕೆಲಸದ ಒಂದು ಪಾಲು ಶಿಕ್ಷಕರಾದ ನಮ್ಮ ಹೆಗಲಿಗೂ ಬೀಳುತ್ತದೆ. ಮಕ್ಕಳ ಕೈಗೆ ಫಲಕ ಕೊಟ್ಟು ಬೀದಿಯಲ್ಲಿ ಜಾಥಾ ಹೊರಡಿಸುವವರು ನಾವು. ಮತದಾರರ ಪಟ್ಟಿ ಹಿಡಿದು ಮನೆ ಮನೆ ಹತ್ತಿ ಇಳಿಯುವವರು ನಾವು. ಕೊನೆಗೆ ನಮ್ಮದೇ ತರಗತಿಯ ಬೆಂಚುಗಳನ್ನು ಪಕ್ಕಕ್ಕೆ ಸರಿಸಿ ಮತಗಟ್ಟೆ ಮಾಡಿ, ಬೆರಳಿಗೆ ಮೈಸೂರಿನ ಶಾಯಿ ಹಚ್ಚುವವರೂ ನಾವೇ. ಆದ್ದರಿಂದ ಈ ಶೇಕಡಾ ಲೆಕ್ಕದ ಬಗ್ಗೆ ಎರಡು ಮಾತು ಆಡುವ ಅಧಿಕಾರ ನನಗಿದೆ ಎಂದುಕೊಂಡಿದ್ದೇನೆ.

ನನ್ನ ತಕರಾರು ಇಷ್ಟೆ. ಮದುವೆಯ ಮನೆಯಲ್ಲಿ ಗಂಡು ಹುಡುಕುವಾಗ ಯಾರನ್ನೂ ಕೇಳುವುದಿಲ್ಲ. ಜಾತಕ ನೋಡಿದವರು, ಮಾತುಕತೆ ಆಡಿದವರು, ಕೊಡುವ ಬಿಡುವ ವ್ಯವಹಾರ ಮುಗಿಸಿದವರು ನಾಲ್ಕೇ ಜನ. ಮುಹೂರ್ತದ ದಿನ ಮಾತ್ರ ಊರಿಗೆಲ್ಲ ಕರೆ. ಕೈಗೆ ನಾಲ್ಕು ಕಾಳು ಅಕ್ಷತೆ. ಎಷ್ಟು ಜನ ಅಕ್ಷತೆ ಹಾಕಿದರು, ಎಷ್ಟು ಎಲೆ ಎದ್ದವು ಎನ್ನುವುದೇ ಆ ಮನೆಯ ಪ್ರತಿಷ್ಠೆಯ ಲೆಕ್ಕ. ನಮ್ಮ ಚುನಾವಣೆಗಳೂ ಈಗ ಇಂಥ ಮದುವೆಗಳೇ ಆಗಿವೆ. ಅಭ್ಯರ್ಥಿಯನ್ನು ಆರಿಸುವಾಗ ನಾವು ಯಾರೂ ಅಲ್ಲ. ಆರಿಸಿದ ಮೇಲೆ ನಾವು ಮತದಾರ ಪ್ರಭುಗಳು. ಮತದಾನದ ಪ್ರಮಾಣ ಎಂದು ಡಂಗುರ ಹೊಡೆಯುವ ಅಂಕಿ ಅಕ್ಷತೆ ಹಾಕುವವರ ಲೆಕ್ಕವೇ ಹೊರತು ಒಪ್ಪಿಗೆ ಕೊಟ್ಟವರ ಲೆಕ್ಕವಲ್ಲ.

ಸಾರ್ವತ್ರಿಕ ಚುನಾವಣೆಯ ಗದ್ದಲದಲ್ಲಿ ಮುಚ್ಚಿಹೋಗುವ ಈ ಸಂಗತಿ ಉಪಚುನಾವಣೆಯಲ್ಲಿ ಬೆತ್ತಲೆಯಾಗಿ ಕಾಣುತ್ತದೆ. 2018ರ ನವೆಂಬರ್ 3ರಂದು ನಮ್ಮ ರಾಜ್ಯದಲ್ಲಿ ಬಳ್ಳಾರಿ, ಶಿವಮೊಗ್ಗ, ಮಂಡ್ಯ ಈ ಮೂರು ಲೋಕಸಭಾ ಕ್ಷೇತ್ರಗಳಿಗೂ ರಾಮನಗರ, ಜಮಖಂಡಿ ವಿಧಾನಸಭಾ ಕ್ಷೇತ್ರಗಳಿಗೂ ಉಪಚುನಾವಣೆ ನಡೆಯಿತು. ಲೋಕಸಭೆಯ ಮೂರು ಸ್ಥಾನಗಳು ಖಾಲಿಯಾದದ್ದು ಯಾರದೋ ಸಾವಿನಿಂದಲ್ಲ. ಶ್ರೀರಾಮುಲು, ಯಡಿಯೂರಪ್ಪ, ಪುಟ್ಟರಾಜು ಮೂವರೂ ಸಂಸತ್ ಸದಸ್ಯರಾಗಿದ್ದಾಗಲೇ ಆ ವರ್ಷದ ಮೇ ತಿಂಗಳಲ್ಲಿ ವಿಧಾನಸಭೆಗೆ ಸ್ಪರ್ಧಿಸಿ ಗೆದ್ದು, ಲೋಕಸಭೆಯನ್ನು ಬಿಟ್ಟು ಬಂದರು. ಖಾಲಿಯಾದ ಸ್ಥಾನವನ್ನು ಆರು ತಿಂಗಳೊಳಗೆ ತುಂಬಬೇಕು, ಉಳಿದ ಅವಧಿ ಒಂದು ವರ್ಷಕ್ಕಿಂತ ಕಡಿಮೆಯಿದ್ದರೆ ಬೇಕಿಲ್ಲ ಎಂದು ಕಾನೂನು. ಆಗಿನ ಲೋಕಸಭೆಯ ಅವಧಿ 2019ರ ಜೂನ್ 3ರವರೆಗೆ ಇತ್ತು. ನಮ್ಮವರು ರಾಜೀನಾಮೆ ಕೊಟ್ಟದ್ದು ಮೇ ತಿಂಗಳಲ್ಲಿ, ಅಂದರೆ ವರ್ಷಕ್ಕೆ ಕೆಲವೇ ದಿನ ಹೆಚ್ಚು. ಹಾಗಾಗಿ ಚುನಾವಣೆ ತಪ್ಪಲಿಲ್ಲ. ಪಕ್ಕದ ಆಂಧ್ರದ ಐವರು ಸದಸ್ಯರ ರಾಜೀನಾಮೆ ಅಂಗೀಕಾರವಾದದ್ದು ಜೂನ್‌ನಲ್ಲಿ. ಅಲ್ಲಿ ಉಪಚುನಾವಣೆಯೇ ನಡೆಯಲಿಲ್ಲ. ಕೆಲವು ವಾರಗಳ ಅಂತರದಿಂದ ಒಂದು ಕಡೆ ಲಕ್ಷಾಂತರ ಜನ ಸರತಿಯಲ್ಲಿ ನಿಲ್ಲಬೇಕಾಯಿತು, ಇನ್ನೊಂದು ಕಡೆ ಬೇಕಾಗಲಿಲ್ಲ.

ನಮ್ಮಲ್ಲಿ ಎಷ್ಟು ಜನ ನಿಂತರು? ಮಂಡ್ಯದಲ್ಲಿ ಅಂದು ಮತ ಹಾಕಿದವರು ಶೇಕಡಾ 54ರ ಆಸುಪಾಸು. ಕೆಲವೇ ತಿಂಗಳಿಗಾಗಿ ಒಬ್ಬ ಸಂಸದ, ಅದೂ ರಾಜ್ಯದಲ್ಲಿ ಕೂಡಿ ಸರ್ಕಾರ ನಡೆಸುತ್ತಿದ್ದ ಎರಡು ಪಕ್ಷಗಳು ಮೇಲೆ ಕುಳಿತು ಹೊಂದಿಸಿ ಕೊಟ್ಟ ಅಭ್ಯರ್ಥಿ. ಆತ ಮೂರು ಲಕ್ಷಕ್ಕೂ ಹೆಚ್ಚಿನ ಅಂತರದಿಂದ ಗೆದ್ದರು. ಮಂಡ್ಯದ ಜನಕ್ಕೆ ರಾಜಕೀಯದಲ್ಲಿ ಆಸಕ್ತಿ ಬತ್ತಿತು ಎಂದು ಆಗ ಬರೆದವರುಂಟು. ಸರಿ, ಐದೂವರೆ ತಿಂಗಳು ಕಾಯೋಣ. 2019ರ ಏಪ್ರಿಲ್ 18ರಂದು ಅದೇ ಮಂಡ್ಯ, ಅದೇ ಮತದಾರರು, ಅದೇ ಮತಗಟ್ಟೆಗಳು. ಆದರೆ ಮತದಾನ ಶೇಕಡಾ 80. ಏನು ಬದಲಾಯಿತು? ಜನ ಐದು ತಿಂಗಳಲ್ಲಿ ಜವಾಬ್ದಾರಿ ಕಲಿತರೇ? ನಮ್ಮ ಜಾಥಾಗಳಿಂದ ಕಣ್ಣು ತೆರೆಯಿತೇ? ಇಲ್ಲ. ಆ ಸಲ ಮೇಲಿನವರ ಹೊಂದಾಣಿಕೆಯಲ್ಲಿ ಟಿಕೆಟ್ ಸಿಗದ ಸುಮಲತಾ ಪಕ್ಷೇತರರಾಗಿ ನಿಂತರು. ಬಿಜೆಪಿ ತನ್ನ ಅಭ್ಯರ್ಥಿಯನ್ನು ಹಾಕದೆ ಬೆಂಬಲಿಸಿತು. ಎದುರಿಗೆ ಮುಖ್ಯಮಂತ್ರಿಗಳ ಮಗ. ಆಕೆ ಒಂದು ಲಕ್ಷದ ಇಪ್ಪತ್ತೈದು ಸಾವಿರಕ್ಕೂ ಮಿಕ್ಕಿ ಮತಗಳ ಅಂತರದಿಂದ ಗೆದ್ದರು. ಗೆದ್ದ ಮೇಲೆ ಆಕೆ ಹೇಗೆ ಕೆಲಸ ಮಾಡಿದರು ಎಂಬುದು ಬೇರೆ ಮಾತು. ನನಗೆ ಬೇಕಾದದ್ದು ಒಂದೇ: ಆರಿಸಲು ಏನಾದರೂ ಇದ್ದಾಗ ಜನ ಬರುತ್ತಾರೆ. ಆರಿಸುವ ಕೆಲಸ ಬೇರೆಯವರು ಮುಗಿಸಿಬಿಟ್ಟಾಗ ಅರ್ಧ ಜನ ಹೊಲಕ್ಕೆ ಹೋಗುತ್ತಾರೆ. ಅದನ್ನು ಸೋಮಾರಿತನ ಎನ್ನುವವರು ಹೊಲದ ಕೆಲಸ ನೋಡಿಲ್ಲ.

2018ರ ಆ ಐದು ಕ್ಷೇತ್ರಗಳ ಅಭ್ಯರ್ಥಿಗಳ ಪಟ್ಟಿಯನ್ನೇ ಒಮ್ಮೆ ನೋಡಿ. ಬಳ್ಳಾರಿಯಲ್ಲಿ ಸ್ಥಾನ ಬಿಟ್ಟುಹೋದವರ ತಂಗಿಗೆ ಬಿಜೆಪಿ ಟಿಕೆಟ್. ಶಿವಮೊಗ್ಗದಲ್ಲಿ ಸ್ಥಾನ ಬಿಟ್ಟವರ ಮಗ ಒಂದು ಕಡೆ, ಬಂಗಾರಪ್ಪನವರ ಮಗ ಇನ್ನೊಂದು ಕಡೆ, ಜೆ. ಎಚ್. ಪಟೇಲರ ಮಗ ಮೂರನೆಯ ಕಡೆ. ಮೂವರು ಮಾಜಿ ಮುಖ್ಯಮಂತ್ರಿಗಳ ಮಕ್ಕಳಲ್ಲಿ ಒಬ್ಬರನ್ನು ಆರಿಸಿಕೊಳ್ಳಿ ಎಂದು ಮತದಾರನಿಗೆ ಪ್ರಶ್ನೆಪತ್ರಿಕೆ. ಜಮಖಂಡಿಯಲ್ಲಿ ತೀರಿಕೊಂಡ ಶಾಸಕರ ಮಗ. ರಾಮನಗರದಲ್ಲಿ ಮುಖ್ಯಮಂತ್ರಿಗಳ ಪತ್ನಿ. ಅದೇ ರಾಮನಗರದಲ್ಲಿ ಇನ್ನೊಂದು ವಿನೋದ ನಡೆಯಿತು. ಕಾಂಗ್ರೆಸ್ಸಿನಿಂದ ಬಂದವರೊಬ್ಬರಿಗೆ ಬಿಜೆಪಿ ಟಿಕೆಟ್ ಕೊಟ್ಟಿತ್ತು. ಮತದಾನಕ್ಕೆ ಎರಡು ದಿನ ಇರುವಾಗ ಆ ಅಭ್ಯರ್ಥಿ ಕಣದಿಂದ ಹಿಂದೆ ಸರಿದೆ ಎಂದು ಘೋಷಿಸಿ ಮರಳಿ ಕಾಂಗ್ರೆಸ್ಸಿಗೆ ಹೋದರು. ನಾಮಪತ್ರ ಹಿಂತೆಗೆಯುವ ದಿನ ಎಂದೋ ಕಳೆದಿತ್ತು, ಹೆಸರೂ ಚಿಹ್ನೆಯೂ ಮತಯಂತ್ರದಲ್ಲಿ ಹಾಗೇ ಉಳಿದವು. ಆ ಗುಂಡಿ ಒತ್ತಬೇಕೆಂದಿದ್ದ ಬಡಪಾಯಿ ಮತದಾರ ಯಾರಿಗೆ ದೂರು ಕೊಡಬೇಕು? ಆತನನ್ನು ಕೇಳಿ ಯಾರೂ ಟಿಕೆಟ್ ಕೊಟ್ಟಿರಲಿಲ್ಲ. ಆತನನ್ನು ಕೇಳಿ ಯಾರೂ ಹೋಗಲೂ ಇಲ್ಲ.

ಇದು ಒಂದು ಸಲದ ಅಪಘಾತವೂ ಅಲ್ಲ. 2024ರ ನವೆಂಬರಿನಲ್ಲಿ ಚನ್ನಪಟ್ಟಣ, ಶಿಗ್ಗಾವಿ, ಸಂಡೂರು ಮೂರು ಕಡೆ ಉಪಚುನಾವಣೆಯಾಯಿತು. ಮೂರೂ ಕಡೆ ಶಾಸಕರು ಲೋಕಸಭೆಗೆ ಹೋಗಿ ಸ್ಥಾನ ತೆರವಾಗಿತ್ತು. ಮೂರೂ ಕಡೆ ತೆರವು ಮಾಡಿದವರ ಮನೆಯವರಿಗೇ ಟಿಕೆಟ್: ಒಂದು ಕಡೆ ಮಗ, ಇನ್ನೊಂದು ಕಡೆಯೂ ಮಗ, ಮೂರನೆಯ ಕಡೆ ಹೆಂಡತಿ. ಚನ್ನಪಟ್ಟಣದಲ್ಲಿ ಗೆದ್ದವರು ಅದೇ ಅಕ್ಟೋಬರಿನಲ್ಲಿ ಪಕ್ಷ ಬದಲಿಸಿ ಬಂದು ಕಾಂಗ್ರೆಸ್ ಟಿಕೆಟ್ ಪಡೆದವರು. ಅಲ್ಲಿ ಮತದಾನ ಶೇಕಡಾ 88. ಹಬ್ಬವೋ ಹಬ್ಬ! ಎರಡೂ ಕಡೆಯ ಮಕ್ಕಳನ್ನು ಜನ ಸೋಲಿಸಿದರು ಎನ್ನುವುದನ್ನೂ ಹೇಳಬೇಕು, ಇಲ್ಲದಿದ್ದರೆ ಅನ್ಯಾಯವಾಗುತ್ತದೆ. ಜನಕ್ಕೆ ವಿವೇಚನೆಯಿದೆ. ಆ ವಿವೇಚನೆಯನ್ನು ಒಂದು ಹೆಜ್ಜೆ ಮುಂಚೆ ಬಳಸಲು ಬಿಡುವುದಿಲ್ಲ, ಅಷ್ಟೆ.

ಇನ್ನು ನಮ್ಮ ಸೀಮೆಗೆ ಬರುತ್ತೇನೆ. ಅಲೀಪುರ ಗೌರಿಬಿದನೂರು ತಾಲ್ಲೂಕಿನ ಊರು. ಪಕ್ಕದ್ದೇ ಚಿಕ್ಕಬಳ್ಳಾಪುರ ವಿಧಾನಸಭಾ ಕ್ಷೇತ್ರ. ಆ ಕ್ಷೇತ್ರದವರು 2018ರ ಮೇ ತಿಂಗಳಲ್ಲಿ ಡಾ. ಕೆ. ಸುಧಾಕರ್ ಅವರನ್ನು ಕಾಂಗ್ರೆಸ್ಸಿನಿಂದ ಗೆಲ್ಲಿಸಿದರು. 2019ರ ಏಪ್ರಿಲ್‌ನಲ್ಲಿ ಲೋಕಸಭೆಗೆ ಮತ ಹಾಕಿದರು. ಆ ಜುಲೈನಲ್ಲಿ ಹದಿನೇಳು ಶಾಸಕರನ್ನು ಸಭಾಧ್ಯಕ್ಷ ರಮೇಶ್ ಕುಮಾರ್ ಅನರ್ಹಗೊಳಿಸಿದರು, ಈ ವಿಧಾನಸಭೆಯ ಅವಧಿ ಮುಗಿಯುವವರೆಗೂ ಮತ್ತೆ ನಿಲ್ಲುವಂತಿಲ್ಲ ಎಂದರು. ನವೆಂಬರ್ 13ರಂದು ಸುಪ್ರೀಂ ಕೋರ್ಟು ಅನರ್ಹತೆಯನ್ನು ಎತ್ತಿಹಿಡಿಯಿತು, ಅವಧಿಯ ನಿರ್ಬಂಧವನ್ನು ಮಾತ್ರ ತೆಗೆದುಹಾಕಿತು. ಅನರ್ಹರು ಅರ್ಹ ಅಭ್ಯರ್ಥಿಗಳಾದರು. ಡಿಸೆಂಬರ್ 5ರಂದು ಹದಿನೈದು ಕ್ಷೇತ್ರಗಳಲ್ಲಿ ಉಪಚುನಾವಣೆ. ಚಿಕ್ಕಬಳ್ಳಾಪುರದಲ್ಲಿ ಶೇಕಡಾ 85ಕ್ಕೂ ಹೆಚ್ಚು ಮತದಾನ. ಅದೇ ಸುಧಾಕರ್ ಈ ಸಲ ಬಿಜೆಪಿಯಿಂದ 34,801 ಮತಗಳ ಅಂತರದಲ್ಲಿ ಗೆದ್ದರು. ಹತ್ತೊಂಬತ್ತು ತಿಂಗಳಲ್ಲಿ ಮೂರು ಸಲ ಬೆರಳಿಗೆ ಶಾಯಿ. ಎರಡು ಸಲ ಒಬ್ಬರೇ ವ್ಯಕ್ತಿಗೆ, ಎರಡು ಬೇರೆ ಚಿಹ್ನೆಗಳ ಮೇಲೆ.

ಜನರ ತೀರ್ಪನ್ನು ನಾನು ಪ್ರಶ್ನಿಸುತ್ತಿಲ್ಲ. 2023ರಲ್ಲಿ ಅದೇ ಜನ ಅವರನ್ನು ಸೋಲಿಸಿ ಪ್ರದೀಪ್ ಈಶ್ವರ್ ಅವರನ್ನು ಕಳಿಸಿದರು, 2024ರಲ್ಲಿ ಲೋಕಸಭೆಗೆ ಮತ್ತೆ ಸುಧಾಕರ್ ಅವರನ್ನೇ ಆರಿಸಿದರು. ನನ್ನ ಪ್ರಶ್ನೆ ಬೇರೆ. ಪಕ್ಷ ಬಿಡುವಾಗ ಕಾಂಗ್ರೆಸ್ಸಿನ ಕಾರ್ಯಕರ್ತನನ್ನು ಕೇಳಿದರೇ? ಟಿಕೆಟ್ ಕೊಡುವಾಗ ಇಪ್ಪತ್ತು ವರ್ಷ ಬಾವುಟ ಕಟ್ಟಿದ ಬಿಜೆಪಿಯ ಕಾರ್ಯಕರ್ತನನ್ನು ಕೇಳಿದರೇ? ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎನ್ನುತ್ತಾರೆ. ಇಲ್ಲಿ ಗಂಡನೂ ಬದಲು, ಹೆಂಡತಿಯೂ ಬದಲು. ಕೂಸು ಮಾತ್ರ ಅದೇ. ಇದೇ ಆಟವನ್ನು 2008ರ ಡಿಸೆಂಬರಿನಲ್ಲಿ ಹಲವು ಕ್ಷೇತ್ರಗಳಲ್ಲಿ ಆಡಿ ತೋರಿಸಿದ್ದರು. ನಮ್ಮ ಎರಡು ಮಗ್ಗುಲಿನ ದೊಡ್ಡಬಳ್ಳಾಪುರ, ಮಧುಗಿರಿ ಎರಡೂ ಆ ಪಟ್ಟಿಯಲ್ಲಿದ್ದವು. ಗೆದ್ದ ಏಳೇ ತಿಂಗಳಿಗೆ ಮತ್ತೆ ಚುನಾವಣೆ, ಮತ್ತೆ ನಮ್ಮ ಶಾಲೆಗಳಿಗೆ ಬೀಗ, ಮತ್ತೆ ಶಿಕ್ಷಕರು ಕರ್ತವ್ಯದ ಮೇಲೆ. ಪಾಠ ಹಿಂದೆ ಬಿತ್ತೆಂದು ಯಾವ ಪಕ್ಷವೂ ಮಕ್ಕಳ ಕ್ಷಮೆ ಕೇಳಿದ್ದನ್ನು ನಾನು ಕಾಣೆ.

ಶೇಕಡಾ ಲೆಕ್ಕವನ್ನು ನಂಬಬೇಡಿ ಎನ್ನುವುದಕ್ಕೆ ಇನ್ನೊಂದು ಕಾರಣವಿದೆ. 2019ರ ಡಿಸೆಂಬರಿನ ಆ ಒಂದೇ ದಿನ ಹೊಸಕೋಟೆಯಲ್ಲಿ ಶೇಕಡಾ 90, ಅಲ್ಲಿಂದ ಕೂಗಳತೆಯಲ್ಲಿರುವ ಕೆ. ಆರ್. ಪುರದಲ್ಲಿ ಶೇಕಡಾ 47 ಸಹ ಇಲ್ಲ. ಹೊಸಕೋಟೆಯವರು ಸಾಧುಗಳು, ಕೆ. ಆರ್. ಪುರದವರು ಸೋಮಾರಿಗಳು ಎನ್ನಬೇಕೇ? ಪಟ್ಟಿ ಹಿಡಿದು ಬಾಗಿಲು ತಟ್ಟಿದವರಿಗೆ ಗೊತ್ತು: ಸತ್ತವರ ಹೆಸರು ಪಟ್ಟಿಯಲ್ಲಿ ಬದುಕಿರುತ್ತದೆ, ಮದುವೆಯಾಗಿ ಹೋದ ಹೆಣ್ಣುಮಕ್ಕಳ ಹೆಸರು ತವರಿನಲ್ಲೇ ಇರುತ್ತದೆ, ಕೆಲಸಕ್ಕೆ ಬೆಂಗಳೂರು ಸೇರಿದವರ ಹೆಸರು ಎರಡು ಕಡೆ ಇರುತ್ತದೆ. ಅಲೀಪುರ ಹರಳಿನ ವ್ಯಾಪಾರದ ಊರು. ಗಂಡಸರು ಕಲ್ಲಿನ ಪೊಟ್ಟಣ ಹಿಡಿದು ಊರೂರು ಅಲೆಯುವವರು. ಮತದಾನದ ದಿನ ಸಂಬಳಸಹಿತ ರಜೆ ಕೊಡಬೇಕೆಂದು ಕಾನೂನಿದೆ, ಕೂಲಿಯವರಿಗೂ ಅದು ಸಲ್ಲುತ್ತದೆ. ಆದರೆ ಸ್ವಂತ ವ್ಯಾಪಾರಿಗೆ ರಜೆ ಕೊಡುವವರು ಯಾರು? ರೈಲಿನ ಟಿಕೆಟ್ಟಿನ ದುಡ್ಡು ಯಾವ ಕಾನೂನಿನಲ್ಲಿದೆ? ಬಾರದವನನ್ನೆಲ್ಲ ಬೇಜವಾಬ್ದಾರಿ ಎಂದು ಬರೆದುಬಿಡುವುದು ಹಾಜರಿ ಪುಸ್ತಕ ಮಾತ್ರ ನೋಡಿ ಮಗುವಿಗೆ ಹೊಡೆಯುವ ಮೇಷ್ಟ್ರ ಕೆಲಸ.

ಅಮೆರಿಕದಲ್ಲಿ ಪ್ರೈಮರಿ ಎಂಬ ಪದ್ಧತಿಯಿದೆ. ನಮಗೆ ಪ್ರೈಮರಿ ಎಂದರೆ ಒಂದರಿಂದ ಏಳನೆಯ ತರಗತಿ. ಅಲ್ಲಿ ಅದು ಪಕ್ಷದ ಅಭ್ಯರ್ಥಿ ಯಾರಾಗಬೇಕೆಂದು ಸಾಮಾನ್ಯ ಮತದಾರರೇ ಮತ ಹಾಕಿ ತೀರ್ಮಾನಿಸುವ ಮೊದಲ ಸುತ್ತು. ಅಲ್ಲಿ ಎಲ್ಲವೂ ಬಂಗಾರ ಎಂದು ಹೇಳಲಾರೆ. ಮೊದಲ ಸುತ್ತಿಗೆ ಬರುವವರು ಅಲ್ಲಿಯೂ ಕಡಿಮೆ. ನ್ಯೂಯಾರ್ಕ್ ರಾಜ್ಯದಲ್ಲಂತೂ ಸಂಸತ್ತಿನ ಉಪಚುನಾವಣೆಗೆ ಪ್ರೈಮರಿಯೇ ಇಲ್ಲ. ಸಂಸತ್ತಿನಿಂದ ಹೊರಹಾಕಲ್ಪಟ್ಟವರೊಬ್ಬರ ಸ್ಥಾನಕ್ಕೆ 2024ರ ಫೆಬ್ರವರಿಯಲ್ಲಿ ಚುನಾವಣೆಯಾದಾಗ ಎರಡೂ ಪಕ್ಷಗಳ ಸ್ಥಳೀಯ ಮುಖಂಡರೇ ಅಭ್ಯರ್ಥಿಗಳನ್ನು ಆರಿಸಿದರು. ಆದರೂ ಒಂದು ವ್ಯತ್ಯಾಸವಿದೆ. ಅಲ್ಲಿ ಮುಖಂಡರು ಆರಿಸಿದರೆ ಅದು ಅಪವಾದ ಎನ್ನಿಸಿಕೊಳ್ಳುತ್ತದೆ, ಜನ ಗೊಣಗುತ್ತಾರೆ. ಇಲ್ಲಿ ಅದೇ ನಿಯಮ, ನಾವು ಪಟಾಕಿ ಹೊಡೆಯುತ್ತೇವೆ. ನಮ್ಮ ಪಕ್ಷಗಳು ಪ್ರೈಮರಿ ಓದದೆ ನೇರ ಹೈಸ್ಕೂಲಿಗೆ ಸೇರಿದವು. ಅಕ್ಷರ ತಪ್ಪಿದರೆ ಆಶ್ಚರ್ಯವೇನು?

ಒಮ್ಮೆ ಮಾತ್ರ ಇಲ್ಲಿಯೂ ಪ್ರಯತ್ನ ನಡೆಯಿತು. 2014ರ ಲೋಕಸಭಾ ಚುನಾವಣೆಗೆ ಮುನ್ನ ಕಾಂಗ್ರೆಸ್ ದೇಶದ ಕೆಲವೇ ಕ್ಷೇತ್ರಗಳಲ್ಲಿ ಪಕ್ಷದೊಳಗೇ ಮತದಾನ ಮಾಡಿ ಅಭ್ಯರ್ಥಿಗಳನ್ನು ಆರಿಸಿತು. ನಮ್ಮ ರಾಜ್ಯದಲ್ಲಿ ಬೆಂಗಳೂರು ಉತ್ತರ, ದಕ್ಷಿಣ ಕನ್ನಡ ಎರಡು ಕಡೆ. ಮತ ಹಾಕಿದವರು ಪಕ್ಷದ ಪದಾಧಿಕಾರಿಗಳು, ಸ್ಥಳೀಯ ಸಂಸ್ಥೆಗಳ ಸದಸ್ಯರು ಮುಂತಾದವರು. ಸಾಮಾನ್ಯ ಮತದಾರನಿಗೆ ಪ್ರವೇಶವಿರಲಿಲ್ಲ. ಆರಿಸಿ ಬಂದ ಸಿ. ನಾರಾಯಣಸ್ವಾಮಿ, ಜನಾರ್ದನ ಪೂಜಾರಿ ಇಬ್ಬರೂ ಚುನಾವಣೆಯಲ್ಲಿ ಸೋತರು. 2019ಕ್ಕೆ ಆ ಪ್ರಯೋಗವನ್ನು ಮೂಲೆಗೆ ಎಸೆದರು. ನೋಡಿದಿರಾ, ನಡೆಯುವುದಿಲ್ಲ ಎಂದರು. ಒಂದು ವರ್ಷ ಫೇಲಾದ ಮಗುವನ್ನು ಶಾಲೆ ಬಿಡಿಸಿದಂತಾಯಿತು. ಆ ವರ್ಷ ಮೇಲಿನವರು ನೇರವಾಗಿ ಆರಿಸಿದ ಅಭ್ಯರ್ಥಿಗಳೂ ದೇಶದ ತುಂಬ ಸೋತರಲ್ಲ. ಅದಕ್ಕಾಗಿ ಹೈಕಮಾಂಡ್ ಪದ್ಧತಿಯನ್ನು ಯಾರಾದರೂ ಕೈಬಿಟ್ಟರೇ?

ಹೆಣ್ಣುಮಕ್ಕಳ ದೃಷ್ಟಿಯಿಂದ ನೋಡಿದರೆ ಈ ಕಟ್ಟು ಎಲ್ಲಿದೆ ಎಂದು ಇನ್ನೂ ಸ್ಪಷ್ಟವಾಗುತ್ತದೆ. ಗ್ರಾಮ ಪಂಚಾಯಿತಿಯಲ್ಲಿ ಪಕ್ಷದ ಚಿಹ್ನೆ ಇಲ್ಲ, ಬಿ ಫಾರಂ ಇಲ್ಲ, ಅರ್ಧ ಸ್ಥಾನ ಹೆಂಗಸರಿಗೆ ಮೀಸಲು. ಅಲ್ಲಿ ಸಾವಿರಾರು ಹೆಣ್ಣುಮಕ್ಕಳು ಗೆದ್ದು ಸಭೆಯಲ್ಲಿ ಕೂರುತ್ತಾರೆ. ಅವರಲ್ಲಿ ಕೆಲವರ ಗಂಡಂದಿರು ಪಕ್ಕದ ಕುರ್ಚಿಯಲ್ಲಿ ಕೂರುತ್ತಾರೆ ಎನ್ನುವುದೂ ನಿಜ. ಆದರೂ ಅವರು ಕಲಿಯುತ್ತಿದ್ದಾರೆ. ಮೇಲೆ ವಿಧಾನಸಭೆಗೆ ಬನ್ನಿ. 2023ರಲ್ಲಿ 224 ಸ್ಥಾನಗಳಲ್ಲಿ ಗೆದ್ದ ಹೆಂಗಸರು ಹತ್ತೇ ಜನ. ಓಟು ಹಾಕುವ ಸರತಿಯಲ್ಲಿ ನಾವು ಗಂಡಸರಿಗೆ ಕಡಿಮೆ ಇಲ್ಲ. ಬಿಸಿಲಿನಲ್ಲಿ ಮಗುವನ್ನು ಕಂಕುಳಲ್ಲಿ ಇಟ್ಟುಕೊಂಡು ನಿಲ್ಲುತ್ತೇವೆ. ಪಂಚಾಯಿತಿಗೂ ವಿಧಾನಸಭೆಗೂ ನಡುವೆ ನಮ್ಮ ಹೆಣ್ಣುಮಕ್ಕಳು ಎಲ್ಲಿ ಮಾಯವಾದರು? ಬಿ ಫಾರಂ ಹಂಚುವ ಆ ಕೋಣೆಯ ಹೊಸಿಲಲ್ಲಿ. ಕೋಣೆಯೊಳಗೆ ಇದ್ದವರು ಹೆಂಡತಿ, ಸೊಸೆ, ತಂಗಿ ಎಂದು ಹೆಸರು ನೆನಪಾದಾಗ ಮಾತ್ರ ಒಬ್ಬಳಿಗೆ ಬಾಗಿಲು ತೆರೆಯುತ್ತಾರೆ.

ಅಲೀಪುರದಂಥ ಊರಿಗೆ ಇದರಿಂದ ಆಗುವ ಅವಮಾನ ಇನ್ನೊಂದು ಬಗೆಯದು. ಇಲ್ಲಿ ಮನೆಯಲ್ಲಿ ಉರ್ದು, ಸಂತೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ಒಂದೇ ಓಣಿಯಲ್ಲಿ ಒಂದೇ ಅಭಿಪ್ರಾಯದ ನಾಲ್ಕು ಮನೆ ಸಿಗುವುದಿಲ್ಲ. ಆದರೆ ಚುನಾವಣೆಯ ಲೆಕ್ಕ ಬರೆಯುವವರ ಕಾಗದದಲ್ಲಿ ಅಲೀಪುರ ಎಂದರೆ ಒಂದು ಸಾಲು: ಇಂಥ ಜನಾಂಗ, ಇಷ್ಟು ಸಾವಿರ ಓಟು, ಇಂಥ ಪಕ್ಷಕ್ಕೆ. ಮುಖಂಡರಲ್ಲಿ ಇಬ್ಬರನ್ನು ಕರೆದು ಚಹಾ ಕುಡಿಸಿದರೆ ಊರು ಮುಗಿಯಿತು ಎಂದು ಒಂದು ಪಕ್ಷದವರು. ಆ ಊರಿಗೆ ಹೋಗಿ ಪ್ರಯೋಜನವಿಲ್ಲ ಎಂದು ಇನ್ನೊಂದು ಪಕ್ಷದವರು. ಅಭ್ಯರ್ಥಿಯನ್ನು ಆರಿಸುವಾಗಲೇ ಪ್ರತಿಯೊಬ್ಬ ಸದಸ್ಯನ ಒಂದೊಂದು ಮತ ಬೇಕು ಎಂದಾಗಿದ್ದರೆ ಒಬ್ಬೊಬ್ಬರ ಮನೆಯ ಬಾಗಿಲಿಗೂ ಬರಬೇಕಾಗುತ್ತಿತ್ತು. ಹರಳು ಉಜ್ಜುವ ಹುಡುಗನಿಗೆ ಒಂದು ಅಭಿಪ್ರಾಯವಿದೆ, ಅವನ ತಾಯಿಗೆ ಇನ್ನೊಂದಿದೆ ಎಂದು ಆಗ ತಿಳಿಯುತ್ತಿತ್ತು.

ಇದಕ್ಕೆ ಎರಡು ಆಕ್ಷೇಪಗಳು ಬರುತ್ತವೆ. ಪಕ್ಷದೊಳಗೆ ಚುನಾವಣೆ ಮಾಡಿದರೆ ದುಡ್ಡು ಹರಿಯುತ್ತದೆ, ಗುಂಪುಗಳಾಗುತ್ತವೆ ಎನ್ನುತ್ತಾರೆ. ಈಗ ಹರಿಯುತ್ತಿರುವುದು ನೀರೇ? ಬಾಗಿಲು ಹಾಕಿದ ಕೋಣೆಯಲ್ಲಿ ನಡೆಯುವ ವ್ಯವಹಾರ ಬಯಲಿಗೆ ಬಂದರೆ ಕನಿಷ್ಠ ಕಣ್ಣಿಗೆ ಕಾಣುತ್ತದೆ. ಎರಡನೆಯದು, ಜನ ಇಂಥವರನ್ನೇ ಗೆಲ್ಲಿಸುತ್ತಾರಲ್ಲ, ನಿಮಗೇನು ನೋವು ಎನ್ನುವುದು. ಎಲೆಯ ಮೇಲೆ ಬಡಿಸಿದ್ದರಲ್ಲಿ ಊಟ ಮಾಡಿದವನಿಗೆ ಅಡುಗೆ ನೀನೇ ಆರಿಸಿದ್ದು ಎನ್ನುವ ಮಾತಿದು. ಬೇರೆ ಎಲೆ ಕಂಡಾಗ ಜನ ಏನು ಮಾಡುತ್ತಾರೆ ಎನ್ನುವುದಕ್ಕೆ 2019ರ ಹೊಸಕೋಟೆ ಸಾಕ್ಷಿ: ಅಲ್ಲಿ ಗೆದ್ದವರು ಪಕ್ಷೇತರರು. 2023ರ ನಮ್ಮ ಗೌರಿಬಿದನೂರು ಇನ್ನೊಂದು ಸಾಕ್ಷಿ: ಐದು ಸಲ ಗೆದ್ದಿದ್ದ ಕಾಂಗ್ರೆಸ್ಸಿನ ಶಿವಶಂಕರ ರೆಡ್ಡಿಯವರನ್ನು ಸೋಲಿಸಿದವರು ಪಕ್ಷೇತರ ಪುಟ್ಟಸ್ವಾಮಿ ಗೌಡರು. ಪಕ್ಷೇತರರೆಲ್ಲ ಉತ್ತಮರು ಎಂದಲ್ಲ. ಬಿ ಫಾರಂ ಇಲ್ಲದೆಯೂ ನಾವು ಆರಿಸಬಲ್ಲೆವು ಎಂದು ಜನ ಎರಡು ಕಡೆ ಹೇಳಿದ್ದಾರೆ, ಕೇಳಿಸಿಕೊಳ್ಳಬೇಕಾದವರು ಕೇಳಿಸಿಕೊಂಡಿಲ್ಲ.

ಏನು ಆಗಬೇಕು? ಮೊದಲನೆಯದಾಗಿ, ಪಕ್ಷಗಳ ನೋಂದಣಿಗೆ ಕಾನೂನಿದೆ. ಅಭ್ಯರ್ಥಿಯ ಆಯ್ಕೆಗೂ ಇರಬೇಕು. ಪಕ್ಷಗಳೊಳಗೆ ಪ್ರಜಾಪ್ರಭುತ್ವ ಇರಬೇಕೆಂದು ಕಾನೂನು ಮಾಡಿ ಎಂದು ನ್ಯಾಯಮೂರ್ತಿ ಜೀವನ್ ರೆಡ್ಡಿಯವರ ಕಾನೂನು ಆಯೋಗ 1999ರಲ್ಲೇ ತನ್ನ 170ನೆಯ ವರದಿಯಲ್ಲಿ ಹೇಳಿತ್ತು. ಅಂದು ಒಂದನೆಯ ತರಗತಿಗೆ ಸೇರಿದ ಮಕ್ಕಳಿಗೆ ಈಗ ಮಕ್ಕಳಾಗಿವೆ. ವಿಧಾನಸಭಾ ಕ್ಷೇತ್ರದ ಪಕ್ಷದ ಸದಸ್ಯರು ಗುಪ್ತ ಮತದಾನದಲ್ಲಿ ಆರಿಸಿದ ದಾಖಲೆ ಇಲ್ಲದೆ ಬಿ ಫಾರಂ ಊರ್ಜಿತವಲ್ಲ ಎಂದು ಒಂದು ಸಾಲು ಬರೆದರೆ ಸಾಕು. ಎರಡನೆಯದಾಗಿ, ತಾನೇ ರಾಜೀನಾಮೆ ಕೊಟ್ಟು ತೆರವು ಮಾಡಿದ ಸ್ಥಾನಕ್ಕೆ, ಆ ಸದನದ ಅವಧಿ ಮುಗಿಯುವವರೆಗೆ, ಅದೇ ವ್ಯಕ್ತಿ ಮತ್ತೆ ನಿಲ್ಲುವಂತಿರಬಾರದು. ಸಭಾಧ್ಯಕ್ಷರಿಗೆ ಆ ಅಧಿಕಾರವಿಲ್ಲ ಎಂದು ಕೋರ್ಟು ಹೇಳಿತು; ಸಂಸತ್ತಿಗೆ ಕಾನೂನು ಮಾಡಬೇಡಿ ಎಂದು ಹೇಳಲಿಲ್ಲ.

ಕಾನೂನು ಬರುವವರೆಗೆ ನಮ್ಮ ಕೈಯಲ್ಲಿ ಏನೂ ಇಲ್ಲವೇ? ಇದೆ. ಇದೇ ತಾಲ್ಲೂಕಿನ ವಿದುರಾಶ್ವತ್ಥದಲ್ಲಿ 1938ರ ಏಪ್ರಿಲ್ 25ರಂದು ಧ್ವಜ ಹಾರಿಸಲು ಸೇರಿದ ಜನ ಗುಂಡಿಗೆ ಬಲಿಯಾದರು. ಅವರ ಬೇಡಿಕೆ ಜವಾಬ್ದಾರಿ ಸರ್ಕಾರ. ತಮಗೆ ಉತ್ತರ ಕೊಡುವ ಸರ್ಕಾರ ಬೇಕು ಎಂದು ಕೇಳಿದವರು ಅವರು. ಇದೇ ತಾಲ್ಲೂಕಿನ ಹೊಸೂರಿನಲ್ಲಿ ಹುಟ್ಟಿದ ಡಾ. ಎಚ್. ನರಸಿಂಹಯ್ಯನವರು ಪ್ರಶ್ನೆ ಮಾಡದೆ ಏನನ್ನೂ ಒಪ್ಪಬಾರದೆಂದು ಜೀವನವಿಡೀ ಹೇಳಿಕೊಟ್ಟರು. ಈ ಎರಡು ಹೆಸರುಗಳನ್ನು ಭಾಷಣದಲ್ಲಿ ಬಳಸಿ ಹೂಮಾಲೆ ಹಾಕಿಸಿಕೊಂಡು ಹೋಗುವ ಅಭ್ಯರ್ಥಿಗಳನ್ನು ನಾವು ಬೇಕಾದಷ್ಟು ನೋಡಿದ್ದೇವೆ.

ಮುಂದಿನ ಸಲ ಓಟು ಕೇಳಲು ಬಂದವರಿಗೆ ರಸ್ತೆ, ಚರಂಡಿ, ಕೊಳವೆಬಾವಿಯ ಅರ್ಜಿ ಕೊಡುವ ಮೊದಲು ಮೂರು ಪ್ರಶ್ನೆ ಕೇಳಿ. ನಿಮ್ಮನ್ನು ಅಭ್ಯರ್ಥಿಯಾಗಿ ಆರಿಸಿದವರು ಯಾರು? ಅವರು ಎಷ್ಟು ಜನ? ಅವರಲ್ಲಿ ನಮ್ಮ ಊರಿನವರು ಯಾರಾದರೂ ಇದ್ದರೇ? ಮಕ್ಕಳ ಕೈಗೆ ಕೊಡುವ ಫಲಕದ ಮೇಲೂ, ತಪ್ಪದೆ ಮತದಾನ ಮಾಡಿ ಎಂಬ ಸಾಲಿನ ಕೆಳಗೆ, ಈ ಮೂರು ಪ್ರಶ್ನೆಗಳನ್ನು ದಪ್ಪಕ್ಷರದಲ್ಲಿ ಬರೆಸಬಹುದು. ಉತ್ತರ ಬರುವವರೆಗೆ ಬಂದವರನ್ನು ಅಂಗಳದಲ್ಲೇ ನಿಲ್ಲಿಸಿ ಮಾತಾಡಿಸಿ, ಚಾಪೆ ಹಾಸಬೇಡಿ. ಒಳ್ಳೆಯ ಉತ್ತರ ಕೊಟ್ಟವರಿಗೆ ಚಹಾ ಖಂಡಿತ ಕೊಡಿ. ಅಲೀಪುರ ಆತಿಥ್ಯಕ್ಕೆ ಹಿಂದೆ ಬಿದ್ದ ಊರಲ್ಲ.